ಬಾರ್ಸಿಲೋನಾದ ಗ್ರಾಂಜಗಳು: ಸುಟ್ಟ ಸಕ್ಕರೆಯಡಿಯ ಹಾಲಿನ ಸವಿ

ಸ್ಪೇನಿನ ಈಶಾನ್ಯ ಮೂಲೆಯ ಕ್ಯಾಟಲೋನಿಯಾ ಪ್ರಾಂತ್ಯಕ್ಕೆ ರಾಜಧಾನಿಯಾದ ಬಾರ್ಸಿಲೋನಾದಲ್ಲಿ ‘ಕ್ರೇಮಾ ಕಾತಾಲಾನಾ’ ಎಂಬ ಸಿಹಿತಿನಿಸು ಬಹುತೇಕ ಎಲ್ಲ ಹೋಟೆಲುಗಳ ತಿನಿಸುಪಟ್ಟಿಯಲ್ಲಿಯೂ ಕಾಣುತ್ತದೆಯಾದರೂ, ಅದರ ನಿಜವಾದ ನೆಲೆಯೆಂದರೆ ಹಳೆಯ ನಗರದ ಇಕ್ಕಟ್ಟಾದ ಓಣಿಗಳಲ್ಲಿ ಉಳಿದುಕೊಂಡಿರುವ ‘ಗ್ರಾಂಜ’ಗಳು. ಗ್ರಾಂಜ ಎಂದರೆ ಹಾಲು ಮತ್ತು ಹಾಲಿನಿಂದಾದ ತಿನಿಸು, ಪಾನೀಯಗಳನ್ನೇ ಮುಖ್ಯವಾಗಿ ಬಡಿಸುವ ಪುಟ್ಟ ಉಪಾಹಾರ ಗೃಹ. ಊಟದ ಹೋಟೆಲಿನಲ್ಲಿ ಈ ಸಿಹಿ ಊಟದ ಕೊನೆಗೆ ಬರುವ ಒಂದು ತಟ್ಟೆಯಷ್ಟೇ ಆಗಿದ್ದರೆ, ಗ್ರಾಂಜದಲ್ಲಿ ಜನರು ಅದಕ್ಕಾಗಿಯೇ ಬರುತ್ತಾರೆ. ಆದ್ದರಿಂದ ಈ ತಿನಿಸನ್ನು ಅರಿಯಬೇಕೆನ್ನುವವರು ಅದನ್ನು ಸಾಕಿಕೊಂಡು ಬಂದ ಈ ಅಂಗಡಿಗಳನ್ನೂ ಅರಿಯಬೇಕಾಗುತ್ತದೆ.

ಕ್ರೇಮಾದ ಪಾಕ ನೋಡಲು ಸರಳವಾದರೂ ಕೈಹದವನ್ನು ಬೇಡುವಂಥದು. ಹಾಲನ್ನು ದಾಲ್ಚಿನ್ನಿಯ ಚಕ್ಕೆ ಮತ್ತು ನಿಂಬೆಯ ಸಿಪ್ಪೆಯೊಂದಿಗೆ ಕಾಯಿಸಿ, ಅವುಗಳ ಪರಿಮಳ ಹಾಲಿಗೆ ಇಳಿದ ಮೇಲೆ ಸೋಸಿಕೊಂಡು, ಸಕ್ಕರೆ ಸೇರಿಸಿ ಕಡೆದ ಮೊಟ್ಟೆಯ ಹಳದಿ ಮತ್ತು ತಣ್ಣನೆಯ ಹಾಲಿನಲ್ಲಿ ಕದಡಿದ ಕಾರ್ನ್‌ಫ್ಲೋರನ್ನು ಅದಕ್ಕೆ ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾರೆ. ಒಂದು ಲೀಟರ್ ಹಾಲಿಗೆ ಆರರಿಂದ ಎಂಟು ಹಳದಿ, ಸುಮಾರು 200 ಗ್ರಾಂ ಸಕ್ಕರೆ, 40 ಗ್ರಾಂನಷ್ಟು ಹಿಟ್ಟು ಎಂಬುದು ಮನೆಗಳಲ್ಲಿ ರೂಢಿಯಲ್ಲಿರುವ ಅಳತೆಗಳಲ್ಲೊಂದು. ಬರಿಯ ಮೊಟ್ಟೆಯಾಗಿದ್ದರೆ ಕಾವು ಸ್ವಲ್ಪ ಏರಿದರೂ ಒಡೆದು ಗಂಟುಗಂಟಾಗುತ್ತಿತ್ತು. ಹಿಟ್ಟಿನ ಪಿಷ್ಟವು ಮೊಟ್ಟೆಯ ಪ್ರೋಟೀನು ಬೇಗನೆ ಹೆಪ್ಪುಗಟ್ಟದಂತೆ ತಡೆಯುವುದರಿಂದಲೇ ಇದನ್ನು ಒಲೆಯ ಮೇಲೆ ನೇರವಾಗಿ ಬೇಯಿಸಲು ಸಾಧ್ಯವಾಗಿದೆ. ಗಿಣ್ಣಿಗಿಂತ ಸಡಿಲವಾಗಿ, ಚಮಚದ ಬೆನ್ನಿಗೆ ದಪ್ಪಗೆ ಅಂಟುವ ಹದಕ್ಕೆ ಬಂದ ಕೂಡಲೇ ಅದನ್ನು ಅಗಲವಾದ, ಆಳ ಕಡಿಮೆಯಿರುವ ಮಣ್ಣಿನ ತಟ್ಟೆಗಳಿಗೆ ಸುರಿದು ಪೂರ್ತಿ ತಣಿಯಲು ಬಿಡುತ್ತಾರೆ.

ಇದರ ನಂತರದ್ದೇ ಈ ತಿನಿಸಿನ ಜೀವಾಳ. ತಣಿದ ತಟ್ಟೆಯ ಮೇಲೆ ಸಕ್ಕರೆಯನ್ನು ತೆಳ್ಳಗೆ ಉದುರಿಸಿ, ಉದ್ದನೆಯ ಹಿಡಿಯ ತುದಿಗೆ ದಪ್ಪ ಕಬ್ಬಿಣದ ಬಿಲ್ಲೆಯನ್ನು ಜೋಡಿಸಿರುವ ಉಪಕರಣವೊಂದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಸಕ್ಕರೆಯ ಮೇಲೆ ಒತ್ತುತ್ತಾರೆ. ಚುರ್ರೆಂಬ ಸದ್ದಿನೊಂದಿಗೆ ಹೊಗೆ ಏಳುತ್ತದೆ, ಸಕ್ಕರೆ ಕರಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಬಿಲ್ಲೆಯನ್ನು ಎತ್ತಿದ ಕೆಲವೇ ಕ್ಷಣಗಳಲ್ಲಿ ಅದು ಗಾಜಿನ ಹಾಳೆಯಂತೆ ಗಟ್ಟಿಯಾಗುತ್ತದೆ. ಬಿಲ್ಲೆಯ ಕಾವು ಮೇಲ್ಪದರಕ್ಕಷ್ಟೇ ತಾಕಿ ಬೇಗ ಬಿಟ್ಟುಹೋಗುವುದರಿಂದ ಕೆಳಗಿನ ಪಾಕ ತಣ್ಣಗೇ ಉಳಿಯುತ್ತದೆ. ಒಂದೇ ಚಮಚದಲ್ಲಿ ಬೆಚ್ಚನೆಯ, ತುಸು ಕಹಿಯಾದ ಗರಿಗರಿ ಪದರವೂ ತಂಪಾದ ಮೃದು ಹಾಲೂ ಸೇರಿ ಬಾಯಿಗೆ ಬರುವುದೇ ಇದರ ಸೊಗಸು. ಇಂದು ಅನೇಕ ಅಡುಗೆಮನೆಗಳಲ್ಲಿ ಗ್ಯಾಸಿನ ಜ್ವಾಲೆಯನ್ನು ಚಿಮ್ಮಿಸುವ ಕೈಪಂಜು ಈ ಕಬ್ಬಿಣದ ಸ್ಥಾನವನ್ನು ಆಕ್ರಮಿಸಿದೆ. ಕೆಲಸ ಸುಲಭವಾಯಿತೆನ್ನುವುದು ನಿಜ, ಆದರೆ ಕಾದ ಕಬ್ಬಿಣ ಸಕ್ಕರೆಯನ್ನು ಮುಟ್ಟಿದಾಗ ಹುಟ್ಟುವ ಹೊಗೆಯ ವಾಸನೆ ಪಂಜಿನಿಂದ ಬರುವುದಿಲ್ಲ. ಮೊದಲೇ ಸುಟ್ಟು ಫ್ರಿಜ್ಜಿನಲ್ಲಿ ಇಟ್ಟ ತಟ್ಟೆಯನ್ನಂತೂ ನಿರಾಕರಿಸುವುದೇ ಸರಿ. ತೇವವನ್ನು ಹೀರಿಕೊಂಡ ಸಕ್ಕರೆ ಕರಗಿ ನೀರಾಡುತ್ತಿರುತ್ತದೆ.

ಫ್ರೆಂಚರ ‘ಕ್ರೆಮ್ ಬ್ರೂಲೆ’ಯೊಂದಿಗೆ ಇದನ್ನು ಸಮೀಕರಿಸುವುದು ಸಾಮಾನ್ಯವಾಗಿದೆ. ಆದರೆ ಕ್ರೆಮ್ ಬ್ರೂಲೆ ಹಾಲಿನಿಂದಲ್ಲ, ಕೆನೆಯಿಂದ ಆಗುವಂಥದು. ಒಲೆಯ ಮೇಲೆ ತಿರುವುವುದರ ಬದಲು ನೀರು ತುಂಬಿದ ತಟ್ಟೆಯೊಳಗೆ ಇರಿಸಿ ಓವನ್ನಿನಲ್ಲಿ ಬೇಯಿಸುವಂಥದು. ಪರಿಮಳಕ್ಕೆ ವೆನಿಲಾ ಬಳಸುವಂಥದು. ಆ ಹೆಸರಿನ ಪಾಕವು ಫ್ರಾನ್ಸುವಾ ಮಸಿಯಾಲೋ ಎಂಬ ಬಾಣಸಿಗನ 1691ರ ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಮುಂದಿಟ್ಟುಕೊಂಡು ಯಾರದು ಮೊದಲು ಎಂಬ ವಾದ ನಡೆಯುತ್ತಲೇ ಇರುತ್ತದೆ. ಹಾಲು, ಸಕ್ಕರೆ, ಮೊಟ್ಟೆ ಮೂರೂ ಇದ್ದ ಅಡುಗೆಮನೆಗಳು ಒಂದಕ್ಕಿಂತ ಹೆಚ್ಚು ಕಡೆ ಇದೇ ದಾರಿಗೆ ಬಂದಿರಬಹುದಾದ್ದರಿಂದ ಈ ವಾದದಿಂದ ದೊರೆಯುವ ತಿಳಿವಳಿಕೆ ಅಲ್ಪ. ಕ್ಯಾಟಲನ್ ಅಡುಗೆಯ ಲಿಖಿತ ಪರಂಪರೆ ಬಹಳ ಹಳೆಯದು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ: ‘ಸೆಂಟ್ ಸೊವಿ’ ಎಂಬ ಅನಾಮಧೇಯ ಪಾಕಗ್ರಂಥದ ಕಾಲವನ್ನು 1324 ಎಂದು ಗುರುತಿಸಲಾಗುತ್ತದೆ.

ಮಾರ್ಚ್ 19ರಂದು ಬರುವ ಸಂತ ಜೋಸೆಫರ ಹಬ್ಬಕ್ಕೂ ಈ ಸಿಹಿಗೂ ಬಿಡಿಸಲಾಗದ ನಂಟಿದೆ. ಹಬ್ಬದ ಕಾರಣದಿಂದಲೇ ಇದನ್ನು ಸಂತ ಜೋಸೆಫರ ಕ್ರೇಮಾ ಎಂದೂ ಕರೆಯುತ್ತಾರೆ; ಅಂದು ಮನೆಗಳಲ್ಲಿ ದೊಡ್ಡ ತಟ್ಟೆಯಲ್ಲಿ ಮಾಡಿ ಹಂಚಿಕೊಳ್ಳುವುದು, ಬೇಕರಿಗಳಲ್ಲಿ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಜೋಡಿಸಿ ಮಾರುವುದು ವಾಡಿಕೆ. ಗ್ರಾಂಜಗಳಲ್ಲಾದರೆ ಹಬ್ಬಕ್ಕಾಗಿ ಕಾಯಬೇಕಾಗಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳವರೆಗೂ ಬಾರ್ಸಿಲೋನಾ ನಗರದ ಒಳಗೇ, ಮನೆಗಳ ನೆಲ ಅಂತಸ್ತಿನಲ್ಲಿ ಹಸು ಕಟ್ಟಿ, ಕರೆದ ಹಾಲನ್ನು ಅಲ್ಲೇ ಮಾರುವ ಅಂಗಡಿಗಳಿದ್ದವು. ದೂರದಿಂದ ಹಾಲನ್ನು ಕೆಡದಂತೆ ತರುವ ವ್ಯವಸ್ಥೆ ಇಲ್ಲದಿದ್ದಾಗ ನಗರಕ್ಕೆ ಇದು ಅನಿವಾರ್ಯವಾಗಿತ್ತು. ಉಳಿದ ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಸಿಹಿ ಮಾಡಿ ಮಾರುವ ಈ ಹಾಲಿನಂಗಡಿಗಳೇ ಕ್ರಮೇಣ ಮೇಜು ಕುರ್ಚಿ ಹಾಕಿಕೊಂಡು ಗ್ರಾಂಜಗಳಾದವು. ರಾಂಬ್ಲಾ ಎಂಬ ಪ್ರಸಿದ್ಧ ವಿಹಾರಬೀದಿಯಿಂದ ಕೆಲವೇ ಹೆಜ್ಜೆ ದೂರದ ಶುಕ್ಲಾ ಬೀದಿಯಲ್ಲಿರುವ ‘ಗ್ರಾಂಜ ವಿಯಾದೇ’ ಈ ಪರಿವರ್ತನೆಯ ಅತ್ಯುತ್ತಮ ಸಾಕ್ಷಿ. 1870ರಲ್ಲಿ ಆರಂಭವಾದ ಈ ಅಂಗಡಿಯ ಅಮೃತಶಿಲೆಯ ಮೇಜುಗಳು, ಗೋಡೆಯ ಹಳೆಯ ಫೋಟೋಗಳು, ಹಾಲಿನ ಪಾತ್ರೆಗಳು ಇಂದಿಗೂ ಹಾಲಿನಂಗಡಿಯ ನೆನಪನ್ನು ಉಳಿಸಿಕೊಂಡಿವೆ. ಈ ಮನೆತನದ ಜೋವಾನ್ ವಿಯಾದೇ ಅವರೇ 1930ರ ದಶಕದ ಆದಿಯಲ್ಲಿ ‘ಕಕಾವೊಲಾತ್’ ಎಂಬ ಬಾಟಲಿ ಚಾಕೊಲೇಟ್ ಹಾಲನ್ನು ರೂಪಿಸಿದವರು; ಅದು ಈಗ ಸ್ಪೇನಿನ ಮಕ್ಕಳಿಗೆಲ್ಲ ಪರಿಚಿತ. ಆದರೆ ಇಲ್ಲಿಗೆ ಬರುವವರು ಕ್ರೇಮಾದ ಜೊತೆಗೆ ‘ಮತೋ’ವನ್ನೂ ಸವಿಯಬೇಕು. ಉಪ್ಪು ಹಾಕದ ಈ ತಾಜಾ ಗಿಣ್ಣನ್ನು ಜೇನು ಸುರಿದು ಕೊಡುತ್ತಾರೆ.

ರಾಂಬ್ಲಾದ ಇನ್ನೊಂದು ಮಗ್ಗುಲಿನಲ್ಲಿ, ಗಾಥಿಕ್ ಬಡಾವಣೆ ಎಂದು ಹೆಸರಾದ ಹಳೆಯ ಪ್ರದೇಶದಲ್ಲಿ ಪೆತ್ರಿಚೋಲ್ ಬೀದಿ ಇದೆ. ವಾಹನಗಳು ಬಾರದ ಈ ಕಿರಿದಾದ ಓಣಿಯಲ್ಲಿ ಚಾಕೊಲೇಟಿನ ಪರಿಮಳ ಹಾಸಿಕೊಂಡಿರುತ್ತದೆ. 1941ರಿಂದ ನಡೆಯುತ್ತಿರುವ ‘ದುಲ್ಸಿನೇಯಾ’, 1947ರಲ್ಲಿ ಆರಂಭವಾದ ‘ಲಾ ಪಾಲ್ಯಾರೆಸಾ’ ಇಲ್ಲಿನ ಎರಡು ಹೆಸರಾಂತ ಗ್ರಾಂಜಗಳು. ಅಕ್ಕಪಕ್ಕದಲ್ಲೇ ಸಾಲಾ ಪಾರೇಸ್ ಎಂಬ, 1877ರಿಂದ ನಡೆದುಬಂದ ಚಿತ್ರಶಾಲೆಯಿದೆ. ಚಮಚ ನಿಲ್ಲುವಷ್ಟು ದಟ್ಟವಾದ ಬಿಸಿ ಚಾಕೊಲೇಟಿನ ಮೇಲೆ ಕಡೆದ ಕೆನೆಯ ಗುಡ್ಡೆಯನ್ನಿಟ್ಟು ಕೊಡುವ ‘ಸುಯೀಸ್’, ಅದರಲ್ಲಿ ಅದ್ದಿ ತಿನ್ನುವ ಮೃದುವಾದ ‘ಮೆಲಿಂದ್ರೊ’ ಬಿಸ್ಕತ್ತು ಇಲ್ಲಿನ ಹೆಗ್ಗಳಿಕೆಯಾದರೂ, ಕ್ರೇಮಾಕ್ಕೂ ಇವು ತಕ್ಕ ಸ್ಥಳಗಳೇ. ಊಟದೊಂದಿಗೇ ಬೇಕೆನ್ನುವವರು ಅದೇ ಬಡಾವಣೆಯಲ್ಲಿ 1786ರಷ್ಟು ಹಳೆಯದಾದ ‘ಕಾನ್ ಕುಲ್ಯರೆತೆಸ್’ ಹೋಟೆಲಿಗೆ ಹೋಗಬಹುದು. ನಗರದ ಅತ್ಯಂತ ಹಳೆಯ ಹೋಟೆಲು ಎಂಬ ಖ್ಯಾತಿ ಅದಕ್ಕಿದೆ.

ಹೊರಗಿನಿಂದ ಬಂದವರು ಗಮನಿಸಬೇಕಾದ ಸಂಗತಿಯೆಂದರೆ ಗ್ರಾಂಜಗಳ ದಿನಚರಿ. ಬೆಳಗಿನ ವ್ಯಾಪಾರ ಮುಗಿಸಿ ಮಧ್ಯಾಹ್ನ ಬಾಗಿಲು ಹಾಕಿ, ಸಂಜೆ ಐದರ ಹೊತ್ತಿಗೆ ಮತ್ತೆ ತೆರೆಯುವುದು ಹಳೆಯ ಅಂಗಡಿಗಳ ಪದ್ಧತಿ. ‘ಬೆರೆನಾ’ ಎಂಬ ಸಂಜೆಯ ತಿಂಡಿಗಾಗಿ ಅಜ್ಜ–ಅಜ್ಜಿಯರು ಶಾಲೆ ಬಿಟ್ಟ ಮೊಮ್ಮಕ್ಕಳನ್ನು ಕರೆತರುವ ಹೊತ್ತು ಅದೇ ಆದ್ದರಿಂದ ಕುರ್ಚಿ ಸಿಗುವುದು ತುಸು ತಡವಾಗಬಹುದು. ಮೊಟ್ಟೆ ತಿನ್ನದವರಿಗೆ ಕ್ರೇಮಾ ಒಗ್ಗದು. ಅಂಥವರು ‘ಮೆಂಜಾ ಬ್ಲಾಂಕ್’ ಇದೆಯೇ ಎಂದು ವಿಚಾರಿಸಬೇಕು. ಮಧ್ಯಯುಗದಲ್ಲಿ ಕೋಳಿಯ ಎದೆಯ ಮಾಂಸ ಬೆರೆಸಿ ಮಾಡುತ್ತಿದ್ದ ಈ ಭಕ್ಷ್ಯ ಕಾಲಾನಂತರ ಮಾಂಸವನ್ನು ಕಳೆದುಕೊಂಡು, ಬಾದಾಮಿಯನ್ನು ರುಬ್ಬಿ ಹಿಂಡಿದ ಹಾಲಿಗೆ ಪಿಷ್ಟ, ಸಕ್ಕರೆ, ನಿಂಬೆಯ ಸಿಪ್ಪೆ, ದಾಲ್ಚಿನ್ನಿ ಸೇರಿಸಿ ಬೇಯಿಸುವ ಬಿಳಿಯ ಸಿಹಿಯಾಗಿ ಉಳಿದಿದೆ. ಆದರೂ ಅಂಗಡಿಯಿಂದ ಅಂಗಡಿಗೆ ಪಾಕ ಬದಲಾಗುವುದುಂಟಾದ್ದರಿಂದ ಏನೇನು ಹಾಕಿದ್ದಾರೆಂದು ಕೇಳಿ ತಿಳಿದುಕೊಂಡೇ ತರಿಸಿಕೊಳ್ಳುವುದು ಒಳಿತು.