ಆಪರೇಟರ್ ಆದವನು ಸೆಟ್ಟರ್ ಆಗಬೇಕಾದರೆ

ಪೀಣ್ಯದ ಶೆಡ್ಡುಗಳ ಗೇಟಿಗೆ ಕಟ್ಟಿದ ಬೋರ್ಡುಗಳಲ್ಲಿ ಎರಡು ಸಾಲು ಮತ್ತೆ ಮತ್ತೆ ಕಾಣುತ್ತವೆ: ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ, ಸಿಎನ್‌ಸಿ ಸೆಟ್ಟರ್ ಬೇಕಾಗಿದ್ದಾರೆ. ಸೋಲದೇವನಹಳ್ಳಿ, ಚಿಕ್ಕಬಾಣಾವರ, ಹೆಸರಘಟ್ಟದ ಕಡೆಯ ಹುಡುಗರಿಗೆ ಪೀಣ್ಯ ಹತ್ತಿರ. ಎಸ್ಸೆಸ್ಸೆಲ್ಸಿ ಮುಗಿಸಿ ಮೊದಲ ಬೋರ್ಡು ನೋಡಿ ಒಳಗೆ ಹೋದವರು ಬಹಳ. ಎರಡನೆಯ ಬೋರ್ಡಿನ ಕೆಲಸಕ್ಕೆ ಸಂಬಳ ಹೆಚ್ಚು, ಜನ ಕಡಿಮೆ.

ಆಪರೇಟರ್ ಜಾಬನ್ನು ಚಕ್ಕಿಗೆ ಕೊಟ್ಟು, ಬಾಗಿಲು ಮುಚ್ಚಿ, ಸೈಕಲ್ ಸ್ಟಾರ್ಟ್ ಒತ್ತುತ್ತಾನೆ. ಮುಗಿದದ್ದನ್ನು ತೆಗೆದು ಅಳೆಯುತ್ತಾನೆ. ಜಾ ಕೂರಿಸುವುದು, ಟೂಲ್ ಕಟ್ಟುವುದು, ಆಫ್‌ಸೆಟ್ ತೆಗೆಯುವುದು, ಮೊದಲ ಪೀಸು ಪಾಸು ಮಾಡಿಸುವುದು ಸೆಟ್ಟರ್ ಕೆಲಸ. ಸೈಜು ತಪ್ಪಿದಾಗ ಕೂಗು ಬೀಳುವುದೂ ಅವನಿಗೇ.

ಒಂದು ಪಿನ್ ತೆಗೆದುಕೊಳ್ಳಿ. ಡ್ರಾಯಿಂಗಿನಲ್ಲಿ 25 ಜಿ6 ಎಂದಿದೆ. ಅಂದರೆ ಡಯಾ 24.980ರಿಂದ 24.993 ಮಿ.ಮೀ. ಒಳಗೆ ಬರಬೇಕು, ಸಿಗುವ ಜಾಗ ಬರೀ 13 ಮೈಕ್ರಾನ್. 0.01 ಮಿ.ಮೀ. ಓದುವ ಸಾಧಾರಣ ಮೈಕ್ರೋಮೀಟರ್ ಇಲ್ಲಿ ಸಾಲದು, 0.001 ಓದುವುದು ಬೇಕು. ಜಾಬು 25.010 ಬಂತು ಎನ್ನಿ. ಮಧ್ಯದ ಅಳತೆ 24.987 ಹಿಡಿಯಬೇಕಾದರೆ ವೇರ್ ಆಫ್‌ಸೆಟ್ಟಿನಲ್ಲಿ ಎಕ್ಸ್‌ಗೆ ಮೈನಸ್ 0.023 ಕೊಡಬೇಕು. ಇದನ್ನು ಒಂದು ವಾರದಲ್ಲಿ ಯಾರಿಗಾದರೂ ಕಲಿಸಬಹುದು. ಮಜಾ ಇರುವುದು ಆಮೇಲೆ. ಬೆಳಿಗ್ಗೆ ಸರಿಯಿದ್ದ ಡಯಾ ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ ಏರುತ್ತಿದ್ದರೆ ಇನ್ಸರ್ಟಿನ ಮೊನೆ ಸವೆಯುತ್ತಿದೆ ಎಂದು ಅನುಮಾನಿಸಬೇಕು. ಏರದೆ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಡುತ್ತಿದ್ದರೆ ಜಾಬಿನ ಹಿಡಿತವನ್ನೋ ಟೂಲಿನ ಬೋಲ್ಟನ್ನೋ ನೋಡಬೇಕು. ಇನ್ನೊಂದು ಮೋಸ ಬಿಸಿಯದು. ಆಗತಾನೇ ಇಳಿಸಿದ ಉಕ್ಕಿನ ಜಾಬು ಕೋಣೆಗಿಂತ 20 ಡಿಗ್ರಿ ಬಿಸಿಯಿದ್ದರೆ 25 ಮಿ.ಮೀ. ಡಯಾ ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ. ಕೊಟ್ಟ 13ರಲ್ಲಿ ಹತ್ತಿರಹತ್ತಿರ ಅರ್ಧ ಅಲ್ಲೇ ಹೋಯಿತು. ಬಿಸಿಯಲ್ಲಿ ಅಳೆದು ಆಫ್‌ಸೆಟ್ ಕೊಟ್ಟವನ ಜಾಬು ತಣ್ಣಗಾದ ಮೇಲೆ ಅಂಡರ್‌ಸೈಜ್ ಆಗಿ ರಿಜೆಕ್ಷನ್ ಟ್ರೇಗೆ ಬೀಳುತ್ತದೆ.

ಈ ತಿಳಿವಳಿಕೆ ಸ್ಕ್ರೀನ್ ನೋಡಿ ಬರುವುದಿಲ್ಲ. ಐಟಿಐನ ಫಿಟ್ಟರ್ ಟ್ರೇಡಿಗೆ ಸೇರಿದವರಿಗೆ ಶುರುವಿನಲ್ಲೇ ವೈಸಿಗೆ ಎಂ.ಎಸ್. (ಮೈಲ್ಡ್ ಸ್ಟೀಲ್) ತುಂಡು ಕಟ್ಟಿಸಿ ಅರ ಹಾಕಿಸುತ್ತಾರೆ. ಅಂಗೈಯಲ್ಲಿ ಬೊಬ್ಬೆ ಬರುತ್ತದೆ, ಈ ಕಾಲದಲ್ಲೂ ಇದೇಕೆ ಎಂದು ಹುಡುಗರು ಗೊಣಗುತ್ತಾರೆ. ತುಂಡಿನ ಮೇಲೆ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ, ಬೆಳಕು ತೂರಿದ ಕಡೆ ತಗ್ಗು, ತೂರದ ಕಡೆ ಉಬ್ಬು. ಉಬ್ಬನ್ನಷ್ಟೇ ತೆಗೆಯಲು ಕೈ ಕಲಿಯಬೇಕು. ಲೇತಿಗೆ ಬಂದ ಮೇಲೆ ಸ್ಪೀಡಿನ ಲೆಕ್ಕ: ಎಂ.ಎಸ್.ಗೆ ಎಚ್‌ಎಸ್‌ಎಸ್ ಟೂಲಿನಲ್ಲಿ ನಿಮಿಷಕ್ಕೆ 30 ಮೀಟರ್ ಹಿಡಿದರೆ, 25 ಮಿ.ಮೀ. ಡಯಾಗೆ ಸುಮಾರು 380 ಆರ್‌ಪಿಎಂ. ಡಯಾ ಅರ್ಧಕ್ಕಿಳಿದರೆ ಆರ್‌ಪಿಎಂ ಇಮ್ಮಡಿ. ಇದನ್ನು ಕೈಯಾರೆ ಮಾಡಿದವನಿಗೆ ಸಿಎನ್‌ಸಿ ಪ್ರೋಗ್ರಾಮಿನ ಸಂಖ್ಯೆಗಳು ಅರ್ಥವಾಗಿ ಕಾಣುತ್ತವೆ. ಎರಡು ತಿಂಗಳ ಸಿಎನ್‌ಸಿ ಕೋರ್ಸಿಗೆ ದುಡ್ಡು ಕಟ್ಟುವುದಾದರೆ ಇದೆಲ್ಲದರ ನಂತರ ಕಟ್ಟಿ. ಮೊದಲೇ ಕಟ್ಟಿದರೆ ಗುಂಡಿ ಒತ್ತುವುದಷ್ಟೇ ದಕ್ಕುವುದು ಎಂದು ನನ್ನ ಅಭಿಪ್ರಾಯ.

ಎಲ್ಲಿ ಕಲಿಯುವುದು? ಐಟಿಐ ತರಬೇತಿ ಯೋಜನೆ 1950ರಷ್ಟು ಹಳೆಯದು. ಫಿಟ್ಟರ್, ಟರ್ನರ್, ಮಷಿನಿಸ್ಟ್ ಟ್ರೇಡುಗಳಿಗೆ ಎಸ್ಸೆಸ್ಸೆಲ್ಸಿ ಬೇಕು, ಎರಡು ವರ್ಷ. ವೆಲ್ಡರ್ ಒಂದೇ ವರ್ಷ. ರಾಜಾಜಿನಗರದ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದದ್ದು. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ, ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ. ಎನ್‌ಟಿಟಿಎಫ್ ಎಂಬ ತರಬೇತಿ ಸಂಸ್ಥೆ ಹುಟ್ಟಿದ್ದು 1959ರಲ್ಲಿ, ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ. ಪೀಣ್ಯದಲ್ಲೂ ಅದರ ಕೇಂದ್ರವಿದೆ. ಸೋಲದೇವನಹಳ್ಳಿಯಲ್ಲೇ ಪಾಲಿಟೆಕ್ನಿಕ್ ಇದೆಯಲ್ಲ ಎಂದರೆ, ಇದೆ. ಆದರೆ ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಓದಿನ ಪಾಲು ದೊಡ್ಡದು. ಮಷಿನ್ ಮುಂದೆ ನಿಲ್ಲುವ ಗಂಟೆಗಳನ್ನು ಬೇರೆ ಕಡೆ ಹುಡುಕಿಕೊಳ್ಳಬೇಕು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು ಎಂಬುದನ್ನು ಮನೆಯವರಿಗೆ ಹೇಳಿಡಿ, ಐಟಿಐ ಎಂದರೆ ಮೂಗು ಮುರಿಯುವವರು ಸ್ವಲ್ಪ ತಣ್ಣಗಾಗುತ್ತಾರೆ.

ಯಾವುದೇ ಸಂಸ್ಥೆಗೆ ಸೇರುವ ಮುಂಚೆ ವರ್ಕ್‌ಶಾಪಿಗೆ ಹೋಗಿ ನೋಡಿ. ಲೇತಿನ ಕೆಳಗಿನ ಟ್ರೇಯಲ್ಲಿ ಹೊಸ ಚಿಪ್ಸ್ ಇದೆಯೋ ಧೂಳು ಇದೆಯೋ? ಒಂದು ಮಷಿನಿಗೆ ಎಷ್ಟು ಮಂದಿ? ಮೈಕ್ರೋಮೀಟರ್ ಹುಡುಗರ ಕೈಯಲ್ಲಿದೆಯೋ ಬೀರುವಿನಲ್ಲಿದೆಯೋ?

ಐಟಿಐ ಆದ ಮೇಲಿನ ಅಪ್ರೆಂಟಿಸ್‌ಶಿಪ್ಪಿನ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಪೀಣ್ಯದ ಸಣ್ಣ ಶೆಡ್ಡುಗಳು ಎಷ್ಟೋ ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ಮನಸ್ಸಿದ್ದರೆ ತೆಗೆದುಕೊಳ್ಳಬಹುದು ಅಷ್ಟೇ. ಆದರೆ 'ಟ್ರೈನಿ' ಎಂದು ಬರೀ ಬಾಯಿಮಾತಿನಲ್ಲಿ ಸೇರಿಸಿಕೊಂಡರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ. ಕರಾರುಪತ್ರವಾಗಬೇಕು, ಸರ್ಕಾರದ ಪೋರ್ಟಲಿನಲ್ಲಿ ಅದು ನೋಂದಣಿಯಾಗಬೇಕು. ಆಗಲೇ ಸ್ಟೈಪೆಂಡಿಗೂ ಕೊನೆಯಲ್ಲಿ ಪರೀಕ್ಷೆ ಬರೆದು ಪಡೆಯುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೂ ಹಕ್ಕು. ಕಾಯ್ದೆಯ ಕಣ್ಣಿಗೆ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಅಪ್ರೆಂಟಿಸ್‌ಶಿಪ್ ಸಲಹೆಗಾರ ಅಧಿಕಾರಿಯ ಒಪ್ಪಿಗೆಯಿಲ್ಲದೆ ಅವನಿಂದ ಓಟಿ ಮಾಡಿಸುವಂತಿಲ್ಲ. ಶಿಫ್ಟ್ ಮುಗಿದ ಮೇಲೂ ನಿಲ್ಲಿಸಿಕೊಂಡರೆ ಸೂಪರ್‌ವೈಸರನ್ನು ಕೇಳಬೇಕಾದದ್ದು ಆ ಒಪ್ಪಿಗೆ ಪತ್ರವನ್ನು.