ದೀವಳಿಗೆಯ ಗೀರು, ತುಳಸೀಪೂಜೆಯ ಕಲೆ

ಆಶ್ವಯುಜ ಬಹುಳ ತ್ರಯೋದಶಿಯ ದಿನ, ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದ ತಾಮ್ರದ ಹಂಡೆಗೆ ಹಾಗಲಬಳ್ಳಿಯನ್ನು ಸುತ್ತಿ, ಸಂಜೆಯ ನೀರು ತುಂಬುವ ಹಬ್ಬಕ್ಕೆ ಎಲ್ಲವನ್ನೂ ಅಣಿಮಾಡಿಟ್ಟು, ನಮ್ಮ ಸೋದರತ್ತೆಯವರು ಜಗಲಿಯಲ್ಲಿ ಕುಳಿತು ಬಳೆಗಾರನಿಗೆ ಕೈಯೊಡ್ಡಿದ್ದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಳತೆಗಿಂತ ಕೊಂಚ ಕಿರಿದಾದ ಹಸಿರು ಗಾಜಿನ ಬಳೆಗಳು ಹೆಬ್ಬೆರಳ ಬುಡವನ್ನು ದಾಟುವಾಗ ಚರ್ಮ ತರಚಿ, ಕೂದಲೆಳೆಯಷ್ಟು ತೆಳ್ಳನೆಯ ಕೆಂಪು ಗೀರೊಂದು ಮೂಡಿತು. ಹಬ್ಬದ ಗಡಿಬಿಡಿಯಲ್ಲಿ ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಉತ್ಥಾನ ದ್ವಾದಶಿಯ ತುಳಸೀಪೂಜೆಯ ವೇಳೆಗೆ, ಅಂದರೆ ಸುಮಾರು ಹದಿನಾಲ್ಕು ದಿನಗಳ ಮೇಲೆ, ಆ ಗೀರು ಹರಿದಿದ್ದ ದಾರಿಯಲ್ಲಿಯೇ, ಬೆಳ್ಳಿಯ ಬಣ್ಣದ ಹೊಟ್ಟನ್ನು ಹೊತ್ತ ಕೆಂಪು ಪಟ್ಟೆಯೊಂದು ಎದ್ದು ನಿಂತಿತ್ತು. “ಬದನೇಕಾಯಿ ನಂಜಾಗಿದೆ ಕಣೇ, ಬೇಡವೆಂದರೂ ತಿಂದೆ” ಎಂದು ಅಜ್ಜಿ ತೀರ್ಪಿತ್ತರು. ಅತ್ತೆಯವರು ತಪ್ಪೊಪ್ಪಿಕೊಂಡವರಂತೆ ತಲೆ ತಗ್ಗಿಸಿದರು.

ಅವರಿಗಿದ್ದುದು ಸೋರಿಯಾಸಿಸ್ ಎಂಬ ದೀರ್ಘಕಾಲದ ಚರ್ಮವ್ಯಾಧಿ. ದೇಹವನ್ನು ಶತ್ರುಗಳಿಂದ ಕಾಯಬೇಕಾದ ರಕ್ಷಣಾವ್ಯವಸ್ಥೆಯು ಕಾರಣವಿಲ್ಲದೆ ಚರ್ಮದಲ್ಲಿ ಕಾವೇರಿಸಿ ನಿಲ್ಲುವುದೇ ಈ ವ್ಯಾಧಿಯ ಸ್ವರೂಪವೆನ್ನಬಹುದು. ಟಿ ಜೀವಕೋಶಗಳೆಂಬ ಬಿಳಿಯ ರಕ್ತಕಣಗಳು ಇಂಟರ್‌ಲ್ಯೂಕಿನ್ 17, 23 ಮುಂತಾದ ರಾಸಾಯನಿಕ ಸಂದೇಶಗಳ ಮೂಲಕ ಹೊರಚರ್ಮದ ಕೋಶಗಳನ್ನು ಅವಸರಪಡಿಸಲು, ಸಾಮಾನ್ಯವಾಗಿ ಸುಮಾರು ಒಂದು ತಿಂಗಳಲ್ಲಿ ಹುಟ್ಟಿ ಬಲಿತು ಉದುರಬೇಕಾದ ಕೋಶಗಳು ನಾಲ್ಕೈದು ದಿನಗಳಲ್ಲಿಯೇ ಮೇಲಕ್ಕೆ ಬಂದು, ಬಲಿಯದೆ ಒಂದರಮೇಲೊಂದು ಒಟ್ಟಿ ಹೊಟ್ಟಾಗುತ್ತವೆ. ಇಂಥ ಚರ್ಮಕ್ಕೆ ಗಾಯವಾದರೆ ಗಾಯದ ಆಕಾರದಲ್ಲಿಯೇ ಹೊಸ ಕಲೆ ಏಳುವುದನ್ನು ಬ್ರೆಸ್ಲೌ ನಗರದ ವೈದ್ಯ ಹೈನ್ರಿಕ್ ಕೋಬ್ನರ್ 1872ರಲ್ಲಿ ವರ್ಣಿಸಿದನು. ಅವನ ರೋಗಿಯೊಬ್ಬನಿಗೆ ಕುದುರೆ ಕಚ್ಚಿದೆಡೆಯಲ್ಲಿಯೂ ಹಚ್ಚೆ ಹೊಯ್ಸಿಕೊಂಡೆಡೆಯಲ್ಲಿಯೂ ಕಲೆಗಳೆದ್ದಿದ್ದವು. ಎಲ್ಲ ರೋಗಿಗಳಲ್ಲಿಯೂ ಹೀಗಾಗುವುದಿಲ್ಲ. ಆಗುವವರಲ್ಲಿ ಗಾಯಕ್ಕೂ ಕಲೆಗೂ ನಡುವೆ ಸಾಧಾರಣವಾಗಿ ಹತ್ತರಿಂದ ಇಪ್ಪತ್ತು ದಿನಗಳ ಅಂತರವುಂಟು.

ಈ ಅಂತರವೇ ರೋಗಿಯನ್ನೂ ಅವನ ಮನೆಯವರನ್ನೂ ದಾರಿತಪ್ಪಿಸತಕ್ಕದ್ದು. ಕಲೆ ಕಂಡ ದಿನ ಉಂಡದ್ದನ್ನು, ಹಿಂದಿನ ದಿನ ಮುಟ್ಟಿದ್ದನ್ನು ನಾವು ದೂರುತ್ತೇವೆ. ನಿಜವಾದ ಕಾರಣವು ಆ ವೇಳೆಗೆ ಮರೆತೇಹೋಗಿರುತ್ತದೆ. ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲುನೋವು ಬಂದು ವಾಸಿಯಾದ ಎರಡು ಮೂರು ವಾರಗಳ ಮೇಲೆ, ಮೈತುಂಬ ಮಳೆಹನಿ ಚೆಲ್ಲಿದಂತೆ ಸಣ್ಣ ಸಣ್ಣ ಕಲೆಗಳು ಏಳುವುದುಂಟು. ಆಗಲೂ ಅಪವಾದವು ಹಬ್ಬದ ಸಿಹಿತಿಂಡಿಗೆ ಬರುತ್ತದೆಯೇ ಹೊರತು ಹಳೆಯ ಗಂಟಲುನೋವನ್ನು ನೆನೆಯುವವರಿಲ್ಲ. ಆದುದರಿಂದ ಕಾರ್ತೀಕದಲ್ಲಿ ಉಲ್ಬಣಿಸುವ ವ್ಯಾಧಿಗೆ ಆಶ್ವಯುಜದಲ್ಲಿಯೇ ಎಚ್ಚರ ವಹಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನರಕಚತುರ್ದಶಿಯ ಅಭ್ಯಂಜನವನ್ನೇ ತೆಗೆದುಕೊಳ್ಳೋಣ. ಎಣ್ಣೆ ಈ ಚರ್ಮಕ್ಕೆ ಹಿತವಾದದ್ದೇ. ಗಡುಸಾದ ಹೊಟ್ಟನ್ನು ಅದು ಮೆತ್ತಗೆ ಮಾಡುತ್ತದೆ. ಕೇಡು ಬರುವುದು ಅನಂತರದ ಕುದಿನೀರಿನಿಂದಲೂ, ಎಣ್ಣೆಯ ಜಿಡ್ಡು ಬಿಡಲೆಂದು ಸೀಗೆಪುಡಿಯನ್ನೋ ಕಡಲೆಹಿಟ್ಟನ್ನೋ ಹಚ್ಚಿ ಬಲವಾಗಿ ತಿಕ್ಕುವುದರಿಂದಲೂ. ಹೊಟ್ಟನ್ನು ಹೀಗೆ ಬಲವಂತವಾಗಿ ಕಿತ್ತಾಗ ಅಡಿಯಲ್ಲಿ ಸೂಜಿಮೊನೆಯಷ್ಟು ರಕ್ತಬಿಂದುಗಳು ಕಾಣುತ್ತವೆ. ಒಳಚರ್ಮದ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ಮೇಲಕ್ಕೆ ಚಾಚಿಕೊಂಡಿರುವುದೂ, ಅವುಗಳ ಮೇಲಿನ ಹೊದಿಕೆ ಅಲ್ಲಿ ತೆಳುವಾಗಿರುವುದೂ ಇದಕ್ಕೆ ಕಾರಣ. ಉಗುರುಬೆಚ್ಚಗಿನ ನೀರು, ಮೆದುವಾದ ಕೈ, ಒರಸುವಾಗ ಉಜ್ಜದೆ ಒತ್ತುವ ಹತ್ತಿಯ ಬಟ್ಟೆ, ಮೈ ಇನ್ನೂ ತೇವವಿರುವಾಗಲೇ ಸವರಿದ ಕೊಬ್ಬರಿ ಎಣ್ಣೆ ಅಥವಾ ವೈದ್ಯರು ಹೇಳಿದ ಮುಲಾಮು, ಇಷ್ಟಾದರೆ ಶಾಸ್ತ್ರಕ್ಕೂ ಲೋಪವಿಲ್ಲ, ಚರ್ಮಕ್ಕೂ ಘಾಸಿಯಿಲ್ಲ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು: ಎಣ್ಣೆ ಮುಲಾಮುಗಳನ್ನು ಹೀರಿದ ಬಟ್ಟೆಯು ದೀಪದ ಬತ್ತಿಯಂತೆಯೇ ಕಿಡಿಗೆ ಕಾದಿರುತ್ತದೆ, ಹಾಗೆ ಜಿಡ್ಡಾದ ಸೀರೆ ಪಂಚೆಗಳನ್ನು ಬದಲಿಸದೆ ಹಣತೆಯ ಬಳಿಗಾಗಲಿ ಪಟಾಕಿಯ ಬಳಿಗಾಗಲಿ ಹೋಗಲಾಗದು.

ಔಷಧದ ವಿಷಯದಲ್ಲಿ ಹಬ್ಬದ ದಿನಗಳು ಇನ್ನೂ ಅಪಾಯಕರವಾದವು. ತೆಲುಗುನಾಡಿನ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ರೂಪುಗೊಂಡ ಮೆಥೊಟ್ರೆಕ್ಸೇಟ್ ಇಂದಿಗೂ ಈ ವ್ಯಾಧಿಗೆ ಬಹುಮಂದಿ ಆಶ್ರಯಿಸಿರುವ ಮಾತ್ರೆ. ಅದನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ನೆಂಟರಿಷ್ಟರ ಗದ್ದಲದಲ್ಲಿ ವಾರ ಮರೆತು ದಿನದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರವಾದೀತು. ಅದನ್ನು ಸೇವಿಸುವವರು ಮದ್ಯವನ್ನು ಮುಟ್ಟಿದರೆ ಯಕೃತ್ತಿಗೆ ಹಾನಿ. ಇನ್ನು, ಹಬ್ಬಕ್ಕೆ ಮೈ ಶುಭ್ರವಾಗಿ ಕಾಣಲೆಂದು ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಗಳನ್ನು ನುಂಗುವವರುಂಟು. ಕಲೆಗಳು ಮಾಯವಾದಂತೆ ತೋರುವುದು ನಿಜ. ಆದರೆ ಮಾತ್ರೆ ನಿಲ್ಲಿಸಿದ ಮೇಲೆ ವ್ಯಾಧಿಯು ಮೊದಲಿಗಿಂತ ಉಗ್ರವಾಗಿ ಮರುಕಳಿಸಿ, ಕೆಲವೊಮ್ಮೆ ಮೈಯೆಲ್ಲ ಕೀವುಗುಳ್ಳೆಗಳಾಗಿ ಜ್ವರ ಹತ್ತಿ ಆಸ್ಪತ್ರೆ ಸೇರಬೇಕಾಗುತ್ತದೆ. ಇಲ್ಲಿಯೂ ಫಲ ಕಾಣುವುದು ಹಬ್ಬ ಮುಗಿದ ಮೇಲೆಯೇ.

ಇವೆಲ್ಲಕ್ಕಿಂತ ನನ್ನನ್ನು ನೋಯಿಸಿದ ಸಂಗತಿ ಬೇರೊಂದು. ಅರಿಸಿನ ಕುಂಕುಮಕ್ಕೆ ಬಂದ ಮುತ್ತೈದೆಯೊಬ್ಬರು ಅತ್ತೆಯವರ ಮೊಣಕೈ ಕಂಡು, ತಟ್ಟೆಯನ್ನು ಅವರ ಕೈಗೆ ಕೊಡದೆ ನೆಲದ ಮೇಲಿಟ್ಟು ಹೋದರು. ವಿಯೆನ್ನಾದ ಫೆರ್ಡಿನಾಂಡ್ ಫಾನ್ ಹೆಬ್ರಾ 1841ರಲ್ಲಿಯೇ ಈ ವ್ಯಾಧಿಯನ್ನು ಕುಷ್ಠದಿಂದ ಬೇರ್ಪಡಿಸಿ ತೋರಿದ್ದನು. ಇದು ಮುಟ್ಟಿದರೆ ಅಂಟುವುದಲ್ಲ, ಒಂದೇ ಎಲೆಯಲ್ಲಿ ಉಂಡರೂ ಅಂಟುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು 2014ರಲ್ಲಿ ಅಂಗೀಕರಿಸಿದ ನಿರ್ಣಯವೂ ಈ ರೋಗಿಗಳು ಅನುಭವಿಸುವ ತಿರಸ್ಕಾರವನ್ನು ಎತ್ತಿಹೇಳಿದೆ. ಮನಸ್ಸಿನ ಕ್ಲೇಶವು ವ್ಯಾಧಿಯನ್ನು ಕೆರಳಿಸಬಲ್ಲದಾದುದರಿಂದ, ನೆಲದ ಮೇಲಿಟ್ಟ ಆ ತಟ್ಟೆಯೂ ಬಳೆಯ ಗೀರಿನಂತೆಯೇ ಒಂದು ಗಾಯವೆಂದು ನಾನು ಎಣಿಸುತ್ತೇನೆ.

ಮರುವರ್ಷ ಅತ್ತೆಯವರು ಒಂದಳತೆ ದೊಡ್ಡ ಬಳೆಗಳನ್ನು ಆರಿಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಬಳೆಗಾರನಿಗೆ ಮೆಲ್ಲಗೆ ತೊಡಿಸುವಂತೆ ಹೇಳಿದರು. ದ್ವಾದಶಿಯ ಸಂಜೆ ತುಳಸಿಯ ಪಕ್ಕದಲ್ಲಿ ಕಾಯಿಬಿಟ್ಟ ನೆಲ್ಲಿಯ ಕೊಂಬೆಯನ್ನು ನೆಡುತ್ತಿದ್ದಾಗ ದೀಪದ ಬೆಳಕಿನಲ್ಲಿ ನೋಡಿದೆ: ಮೊಣಕೈಯ ಹಳೆಯ ಕಲೆ ಇದ್ದಂತೆಯೇ ಇತ್ತು, ಮುಂಗೈಯ ಮೇಲೆ ಹಸಿರು ಬಳೆಗಳ ಹೊರತು ಬೇರೇನೂ ಇರಲಿಲ್ಲ.