ಆನೊಡೈಸ್ ಮಾಡಿದ ಅಲ್ಯೂಮಿನಿಯಮಿನ ಮೇಲೆ ಲೇಸರ್ ಬರಹ

ಯಂತ್ರಭಾಗವೊಂದರ ಕ್ರಮಾಂಕವು ಆ ಭಾಗ ಬಾಳುವಷ್ಟು ಕಾಲವೂ ಓದಲು ಬರುವಂತಿರಬೇಕು. ವಿಮಾನದ ಬಿಡಿಭಾಗವೇ ಆಗಲಿ, ಶಸ್ತ್ರವೈದ್ಯರ ಉಪಕರಣವೇ ಆಗಲಿ, ಗುರುತು ಅಳಿಸಿದರೆ ಅದರ ಪೂರ್ವಚರಿತ್ರೆಯನ್ನು ಅರಿಯುವುದು ದುಸ್ತರ. ಇಂಥವುಗಳ ಮೇಲೆ ಲೇಸರಿನಿಂದ ಬರೆಯುವುದು ಇಂದಿನ ವಾಡಿಕೆ. ಆದರೆ ಒಂದೇ ಯಂತ್ರದಿಂದ, ಒಂದೇ ಹೊಂದಾಣಿಕೆಯಲ್ಲಿ ಬರೆದ ಅಕ್ಷರಗಳು ಒಂದು ಬ್ಯಾಚಿನಲ್ಲಿ ಅಚ್ಚಬಿಳುಪಾಗಿಯೂ ಇನ್ನೊಂದರಲ್ಲಿ ಮಂಕುಗಂದಾಗಿಯೂ ಬರುವುದುಂಟು. ಇದಕ್ಕೆ ಲೇಸರನ್ನು ದೂರುವುದು ರೂಢಿ. ಕಾರಣವಾದರೋ ಅನೇಕ ವೇಳೆ ಅದಕ್ಕೆ ಮೊದಲೇ, ಆಮ್ಲದ ತೊಟ್ಟಿಯಲ್ಲಿಯೇ, ಹುಟ್ಟಿರುತ್ತದೆ.

ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅಲ್ಯೂಮಿನಿಯಮನ್ನು ಧನಧ್ರುವವಾಗಿ ನಿಲ್ಲಿಸಿ ವಿದ್ಯುತ್ತನ್ನು ಹರಿಸಿದರೆ ಅದರ ಮೇಲ್ಮೈ ಆಕ್ಸೈಡಾಗಿ ಮಾರ್ಪಡುತ್ತದೆ. ಇದೇ ಆನೊಡೈಸ್ ಮಾಡುವ ಕ್ರಮ. ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ದಪ್ಪವಿರುವ ಈ ಸ್ತರದಲ್ಲಿ ಜೇನುಹುಟ್ಟಿನಂತೆ ಸೂಕ್ಷ್ಮ ರಂಧ್ರಗಳಿರುತ್ತವೆ. ಬಣ್ಣವು ಇವುಗಳೊಳಕ್ಕೆ ಇಳಿಯುತ್ತದೆ. ಬಳಿಕ ಕುದಿನೀರಿನಲ್ಲಿ ಅದ್ದಿದಾಗ ರಂಧ್ರಗಳ ಬಾಯಿ ಮುಚ್ಚಿಕೊಳ್ಳುತ್ತದೆ. 1.06 ಮೈಕ್ರಾನ್ ತರಂಗಾಂತರದ ಫೈಬರ್ ಲೇಸರಿನ ಬೆಳಕಿಗೆ ಆಕ್ಸೈಡು ಬಹುಮಟ್ಟಿಗೆ ಪಾರದರ್ಶಕ. ಶಾಖ ಹುಟ್ಟುವುದು ಬಣ್ಣದಲ್ಲಿ, ಇಲ್ಲವೆ ತಳದ ಲೋಹದಲ್ಲಿ. ಆ ಶಾಖಕ್ಕೆ ಬಣ್ಣವು ಒಡೆದು ಅಳಿದಾಗ ಬಿಳಿಯ ಗುರುತು ಮೂಡುತ್ತದೆ. ಸ್ತರದ ದಪ್ಪ, ಬಣ್ಣದ ಪ್ರಮಾಣ, ಮಿಶ್ರಲೋಹದ ಜಾತಿ, ಇವುಗಳಲ್ಲಿ ಯಾವುದು ಬದಲಾದರೂ ಗುರುತೂ ಬದಲಾದೀತು. ತವರದ ಲವಣದಿಂದ ವಿದ್ಯುತ್ತಿನ ಮೂಲಕ ಕಪ್ಪೇರಿಸಿದ ಭಾಗವು ಕಣ್ಣಿಗೆ ಬೇರೆಯಾಗಿ ಕಾಣದಿದ್ದರೂ, ಅದರ ರಂಧ್ರಗಳ ತಳದಲ್ಲಿರುವುದು ಸಾವಯವ ಬಣ್ಣವಲ್ಲ, ಲೋಹದ ಕಣ. ಅದು ಸುಲಭವಾಗಿ ಬಿಳುಪಾಗದು.

ಲೇಸರಿನ ಕಡೆಯಿಂದ ಗಮನಿಸತಕ್ಕದ್ದು ಮುಖ್ಯವಾಗಿ ನಾಭಿ. ಬೆಳಕಿನ ಬಿಂದುವಿನ ವ್ಯಾಸವು ನೂರಕ್ಕೆ 20ರಷ್ಟು ಹಿಗ್ಗಿದರೆ ವಿಸ್ತೀರ್ಣ 1.44 ಪಟ್ಟಾಗಿ, ಚದರ ಮಿಲಿಮೀಟರಿಗೆ ದೊರೆಯುವ ಶಕ್ತಿ ನೂರಕ್ಕೆ ಸುಮಾರು 30ರಷ್ಟು ಕುಗ್ಗುತ್ತದೆ. ತಗಡು ತುಸು ಬಾಗಿದ್ದರೂ ಹೀಗಾಗಬಹುದು. ವೇಗದ ಲೆಕ್ಕ ಸರಳವಾದುದು: ಸೆಕೆಂಡಿಗೆ 20,000 ಸ್ಪಂದಗಳನ್ನು ಹೊಮ್ಮಿಸುವ ಕಿರಣವು ಅಷ್ಟರಲ್ಲಿ 1,000 ಮಿಲಿಮೀಟರ್ ಸರಿದರೆ ಬಿಂದುಗಳ ಅಂತರ 0.05 ಮಿಲಿಮೀಟರ್. ಬಿಂದುವಿನ ವ್ಯಾಸವೂ ಅಷ್ಟೇ ಇದ್ದರೆ ಅವು ಅಂಚಿಗಂಚು ತಾಗುತ್ತವೆ, ಅಷ್ಟೆ. ಅಕ್ಷರದ ಮೂಲೆಯಲ್ಲಿ ಕನ್ನಡಿಯು ತಿರುಗಲು ನಿಧಾನಿಸಿದಾಗ ಅವು ಒಂದರ ಮೇಲೊಂದು ಬಿದ್ದು ಸುಟ್ಟ ಕಲೆಯಾಗುತ್ತದೆ.

ಗುರುತು ಮಂಕಾಯಿತೆಂದು ಶಕ್ತಿಯನ್ನು ಏರಿಸುತ್ತ ಹೋಗುವುದು ಅಪಾಯಕರ. ಮಿತಿಮೀರಿದರೆ ಆಕ್ಸೈಡೇ ಕಿತ್ತುಹೋಗಿ ಬರಿಯ ಲೋಹ ತೆರೆದುಕೊಳ್ಳುತ್ತದೆ. ಆಗ ಅಕ್ಷರ ಇನ್ನೂ ಉಜ್ಜ್ವಲವಾಗಿ ಕಂಡು ಪರೀಕ್ಷಕನೂ ಮೆಚ್ಚಿಯಾನು. ಉಪ್ಪುಗಾಳಿಯಲ್ಲಿ ಲೋಹಕ್ಷಯ ಮೊದಲಾಗುವುದು ಮಾತ್ರ ಅಲ್ಲಿಂದಲೇ. ಆದುದರಿಂದ ಪ್ರತಿ ಬ್ಯಾಚಿನೊಡನೆ ಅದೇ ಮಿಶ್ರಲೋಹದ ತುಂಡೊಂದನ್ನೂ ತೊಟ್ಟಿಗಿಳಿಸಿ, ಶಕ್ತಿ ಮತ್ತು ವೇಗಗಳನ್ನು ಹಂತಹಂತವಾಗಿ ಬದಲಿಸುತ್ತ ಅದರ ಮೇಲೆ ಚಿಕ್ಕ ಚೌಕಗಳನ್ನು ಬರೆದು, ಬಿಳುಪು ಬಂದೂ ಆಕ್ಸೈಡು ಉಳಿದಿರುವ ಚೌಕವನ್ನು ಆರಿಸಿಕೊಳ್ಳಬೇಕು. ಉಳಿದಿದೆಯೇ ಎಂಬುದನ್ನು ಸಾಮಾನ್ಯ ಮಲ್ಟಿಮೀಟರಿನ ಮೊನೆಗಳನ್ನು ಒತ್ತದೆ ಮುಟ್ಟಿಸಿ ನೋಡಬಹುದು: ಆಕ್ಸೈಡಿನ ಮೂಲಕ ವಿದ್ಯುತ್ತು ಹರಿಯದು, ಬರಿಯ ಲೋಹದಲ್ಲಿ ಹರಿಯುತ್ತದೆ.